ಮಿಷಿನ್‌ಗೆ ಇಂಜಿನ್ ಇಲ್ಲ, ಎಳೆಯುವುದು ನೀವು

(ಬಸವನಗುಡಿಯ ಒಂದು ವಾಚನಾಲಯದಲ್ಲಿ ಭಾನುವಾರ ಬೆಳಿಗ್ಗೆ ಪುಡಿ ಇನ್‌ಹೇಲರ್, ಅಂದರೆ ಉಬ್ಬಸದ ಔಷಧಿಯನ್ನು ಪುಡಿಯಾಗಿ ಎದೆಗೆ ಎಳೆದುಕೊಳ್ಳುವ ಪುಟ್ಟ ಮಿಷಿನ್, ಬಳಸುವುದರ ಬಗ್ಗೆ ಆಡಿದ ಮಾತು. ಕೇಳಿದವರಲ್ಲಿ ಕೆಲವರು ಬರೆದುಕೊಡಿ ಅಂದರು. ಆಡಿದ್ದನ್ನು ಸ್ವಲ್ಪ ತಿದ್ದಿ ಇಲ್ಲಿ ಇಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ನಾನು ಡಾಕ್ಟರ್ ಅಲ್ಲ. ಫಾರ್ಮಸಿ ಓದಿ, ಹನುಮಂತನಗರದಲ್ಲಿ ಇಪ್ಪತ್ತೆರಡು ವರ್ಷದಿಂದ ಮೆಡಿಕಲ್ ಶಾಪ್ ಇಟ್ಟುಕೊಂಡಿರುವವಳು. ಯಾರಿಗೆ ಯಾವ ಔಷಧಿ, ಎಷ್ಟು ಡೋಸ್ ಅನ್ನುವುದು ನಿಮ್ಮ ಡಾಕ್ಟರಿಗೆ ಬಿಟ್ಟದ್ದು. ಅವರು ಬರೆದುಕೊಟ್ಟ ಔಷಧಿ ನಿಮ್ಮ ಎದೆಯೊಳಗೆ ಹೋಯಿತಾ, ಗಂಟಲಲ್ಲೇ ಉಳಿಯಿತಾ, ಇಲ್ಲಾ ಪಂಚೆ ಮೇಲೆ ಬಿತ್ತಾ, ಇವತ್ತಿನ ಮಾತು ಅಷ್ಟೇ.

ಪಂಚೆ ಅಂದದ್ದು ತಮಾಷೆಗಲ್ಲ. ನಮ್ಮ ಅಪ್ಪನ ಕಥೆ ಅದು.

ಅಪ್ಪನಿಗೆ ಸಿಒಪಿಡಿ, ಅಂದರೆ ಉಸಿರಿನ ಕೊಳವೆಗಳು ಕಿರಿದಾಗಿ ವರ್ಷಗಟ್ಟಲೆ ಕಾಡುವ ಕಾಯಿಲೆ. ವರ್ಷಗಟ್ಟಲೆ ಬೀಡಿ ಸೇದಿದ್ದಕ್ಕೆ ಶ್ವಾಸಕೋಶ ಕೊಟ್ಟ ಬಿಲ್ಲು. ದಿನಕ್ಕೆ ಎರಡು ಸಲ ರೋಟಾಕ್ಯಾಪ್, ಅಂದರೆ ಮಿಷಿನ್‌ಗೆ ಹಾಕಿ ಎಳೆಯುವ ಪುಡಿಯ ಕ್ಯಾಪ್ಸೂಲ್, ತೆಗೆದುಕೊಳ್ಳುತ್ತಿದ್ದರು. ಆರು ತಿಂಗಳಲ್ಲಿ ಎರಡು ಸಲ ಡೋಸ್ ಜಾಸ್ತಿ ಆಯಿತು. ಆದರೂ ಒಂದು ಮಹಡಿ ಹತ್ತಿದರೆ ಏದುಸಿರು. ಒಂದು ಸಂಜೆ ಊಟದ ಟೇಬಲ್ ಹತ್ತಿರ ಕೂತು, ನನ್ನೆದುರೇ ತೆಗೆದುಕೊಂಡರು. ಕ್ಯಾಪ್ಸೂಲ್ ಹಾಕಿದರು, ತಿರುಗಿಸಿದರು. ಅಲ್ಲಿವರೆಗೆ ಎಲ್ಲ ಸರಿ. ಆಮೇಲೆ ಕ್ಯಾಪ್ಸೂಲ್ ಬಿಚ್ಚಿಕೊಂಡಿತಾ ಇಲ್ಲವಾ ಅಂತ ನೋಡೋಕೆ ಮಿಷಿನ್ ಬಗ್ಗಿಸಿ, ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ಇಣುಕಿದರು. ಕೆಳಗೆ ಕಡುನೀಲಿ ರಟ್ಟಿನ ಬ್ಯಾಂಕ್ ಪಾಸ್‌ಬುಕ್ ಇತ್ತು. ಅದರ ಮೇಲೆ ರಂಗೋಲಿ ಪುಡಿ ಉದುರಿದ ಹಾಗೆ ಬಿಳಿ ಚುಕ್ಕೆ.

"ಅಪ್ಪಾ, ಏನಿದು?" ಅಂದೆ.

"ಅದು ಯಾವಾಗ್ಲೂ ಸ್ವಲ್ಪ ಬೀಳುತ್ತಮ್ಮ" ಅಂದರು.

ದಿನವೂ ಬೀಳುತ್ತಿತ್ತು. ಬಿಳಿ ಪಂಚೆ ಮೇಲೆ ಬಿದ್ದದ್ದು ಕಾಣುತ್ತಿರಲಿಲ್ಲ ಅಷ್ಟೇ. ಡಾಕ್ಟರುಗಳು ಎರಡು ಸಲ ಡೋಸ್ ಹೆಚ್ಚಿಸಿದರಲ್ಲ, ಆಗ ಯಾರೂ "ಒಂದ್ಸಲ ತಗೊಂಡು ತೋರಿಸಿ" ಅಂದಿರಲಿಲ್ಲ. ಆದರೆ ಅವರನ್ನು ಅಂದು ಏನು ಪ್ರಯೋಜನ? ಆ ಮಿಷಿನ್ ಕೊಟ್ಟವಳು ನಾನು. ಕವರ್‌ಗೆ ಹಾಕಿ, "ತಿರುಗಿಸಿ ಎಳೆಯಪ್ಪ" ಅಂದಿದ್ದೆ. ನನ್ನ ಗಿರಾಕಿಗಳಿಗೂ ವರ್ಷಗಟ್ಟಲೆ ಅಷ್ಟೇ ಹೇಳಿಕೊಂಡು ಬಂದಿದ್ದೆ.

ಇದು ನಮ್ಮ ಮನೆಯದೊಂದೇ ಕಥೆ ಅಲ್ಲ. ನಲವತ್ತು ವರ್ಷಗಳ ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದ ಒಂದು ಪರಿಶೀಲನೆ 2016ರಲ್ಲಿ ಬಂತು. ಇನ್‌ಹೇಲರ್ ಸರಿಯಾಗಿ ಬಳಸುವವರು ನೂರಕ್ಕೆ 31 ಜನ ಮಾತ್ರ. ಪುಡಿ ಇನ್‌ಹೇಲರ್ ಬಳಸುವವರಲ್ಲಿ 46 ಜನ ಎಳೆಯುವ ಮುಂಚೆ ಪೂರ್ತಿ ಉಸಿರು ಹೊರಗೆ ಬಿಡುವುದಿಲ್ಲ. 37 ಜನ ಎಳೆದ ಮೇಲೆ ಉಸಿರು ಹಿಡಿಯುವುದಿಲ್ಲ. ನನಗೆ ಜಾಸ್ತಿ ಬೇಜಾರಾದದ್ದು ಇನ್ನೊಂದಕ್ಕೆ. ನಲವತ್ತು ವರ್ಷದಲ್ಲಿ ಈ ಲೆಕ್ಕ ಸುಧಾರಿಸಿಯೇ ಇಲ್ಲ. ಮಿಷಿನ್ ಮಾತ್ರ ಹೊಸಹೊಸದು ಬಂದವು.

ಈಗ ಈ ಪುಡಿ ಏನು ಅಂತ ನೋಡೋಣ. ಕಪ್ಪು ಚಾರ್ಟ್ ಪೇಪರ್ ತಂದಿದ್ದೇನೆ. ಒಂದು ಕ್ಯಾಪ್ಸೂಲ್ ಬಿಚ್ಚಿ ಇದರ ಮೇಲೆ ಸುರಿಯುತ್ತೇನೆ. ಕಾಣುತ್ತಾ? ಹಿಂದೆ ಕೂತವರು ಆಮೇಲೆ ಬಂದು ನೋಡಿ. ಈ ಬಿಳಿ ಪುಡಿಯಲ್ಲಿ ಹೆಚ್ಚುಕಮ್ಮಿ ಎಲ್ಲವೂ ಲ್ಯಾಕ್ಟೋಸ್, ಹಾಲಿನ ಸಕ್ಕರೆ. ಔಷಧಿ ನಿಮ್ಮ ಕಣ್ಣಿಗೆ ಕಾಣುವಷ್ಟು ಇಲ್ಲ. ಫಾರ್ಮೊಟೆರಾಲ್ ಅಂತ ಉಸಿರಿನ ಕೊಳವೆ ಸಡಿಲಿಸುವ ಒಂದು ಔಷಧಿ ಇದೆ. ಒಂದು ಕ್ಯಾಪ್ಸೂಲಿನಲ್ಲಿ ಅದು 6 ಮೈಕ್ರೋಗ್ರಾಂ ಇರುತ್ತದೆ. ಒಂದು ಗ್ರಾಂ ಸಕ್ಕರೆಯನ್ನು ಹತ್ತು ಲಕ್ಷ ಪಾಲು ಮಾಡಿ, ಅದರಲ್ಲಿ ಆರು ಪಾಲು. ಅಷ್ಟನ್ನು ಒಂದೇ ಕ್ಯಾಪ್ಸೂಲಿಗೆ ಅಳೆದು ತುಂಬುವುದು ಹೇಗೆ? ಅದಕ್ಕೇ ಸಕ್ಕರೆಗೆ ಅಂಟಿಸಿ ತುಂಬುತ್ತಾರೆ.

ಗಾಂಧಿ ಬಜಾರಿನವರಿಗೆ ಕಾಂಗ್ರೆಸ್ ಕಡ್ಲೆಕಾಯಿ ಗೊತ್ತೇ ಇದೆ. ಕಡ್ಲೆಬೀಜದ ಮೇಲೆ ಖಾರದ ಪುಡಿ ಹತ್ತಿಕೊಂಡಿರುತ್ತದೆ ಅಲ್ವಾ? ಇದೂ ಹಾಗೇ. ಸಕ್ಕರೆಯ ಕಣ ಕಡ್ಲೆಬೀಜ, ಔಷಧಿ ಅದಕ್ಕೆ ಹತ್ತಿದ ಖಾರ. ಬೀಜ ದಪ್ಪ, ಶ್ವಾಸಕೋಶದ ಸಣ್ಣ ಕೊಳವೆಗಳಿಗೆ ಇಳಿಯುವುದಿಲ್ಲ, ಬಾಯಿ ಗಂಟಲಲ್ಲೇ ಉಳಿಯುತ್ತದೆ. ನಿಮಗೆ ನಾಲಿಗೆ ಮೇಲೆ ಸ್ವಲ್ಪ ಸಿಹಿ ಅನ್ನಿಸುವುದು ಅದೇ. ಒಳಗೆ ಇಳಿಯಬೇಕಾದದ್ದು ಖಾರ. ಅದರ ಕಣ 1ರಿಂದ 5 ಮೈಕ್ರಾನ್ ಇರಬೇಕು. ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಒಂದು ಪಾಲು ಒಂದು ಮೈಕ್ರಾನ್. ನಿಮ್ಮ ತಲೆಕೂದಲು ಒಂದು 70 ಮೈಕ್ರಾನ್ ದಪ್ಪ ಇದೆ ಅಂದುಕೊಳ್ಳಿ, ಆಗ ಅಂದಾಜು ಸಿಗುತ್ತದೆ.

ಖಾರ ಬೀಜದಿಂದ ಉದುರಬೇಕಾದರೆ ಜೋರಾಗಿ ಒದರಬೇಕು. ಒದರುವವರು ಯಾರು? ಮಿಷಿನ್‌ನಲ್ಲಿ ಬ್ಯಾಟರಿ ಇಲ್ಲ, ಗ್ಯಾಸ್ ಇಲ್ಲ, ಸ್ಪ್ರಿಂಗ್ ಇಲ್ಲ. ಇರುವುದು ಒಂದೇ, ನೀವು ಎಳೆಯುವ ಉಸಿರು. ಮೆತ್ತಗೆ ಎಳೆದರೆ ಖಾರ ಬೀಜಕ್ಕೇ ಅಂಟಿಕೊಂಡು ಗಂಟಲಿಗೆ ಬಡಿದು, ಹೊಟ್ಟೆಗೆ ಹೋಗುತ್ತದೆ. ಪಂಪ್ ಇನ್‌ಹೇಲರ್ ಬೇರೆ. ಅದು 1956ರಲ್ಲೇ ಬಂತು. ಅದರಲ್ಲಿ ಗ್ಯಾಸ್ ಇರುತ್ತದೆ, ಒತ್ತಿದರೆ ಅದೇ ಚಿಮ್ಮುತ್ತದೆ. ಆದ್ದರಿಂದ ಪಂಪ್ ಆದರೆ ಮೊದಲು ಕುಲುಕಬೇಕು, ನಿಧಾನಕ್ಕೆ, ಉದ್ದಕ್ಕೆ ಎಳೆಯಬೇಕು. ಪುಡಿ ಆದರೆ ಕುಲುಕಬಾರದು, ಜೋರಾಗಿ, ಆಳವಾಗಿ ಎಳೆಯಬೇಕು. ಇವೆರಡೂ ಒಂದೇ ಮನೆಯಲ್ಲಿ, ಒಂದೇ ಡ್ರಾಯರ್‌ನಲ್ಲಿ ಇರುತ್ತವೆ. ಅದಲುಬದಲು ಆಗದೆ ಇನ್ನೇನು?

ಕ್ಯಾಪ್ಸೂಲ್ ಹಾಕಿ ಎಳೆಯುವ ಪುಡಿ ಮಿಷಿನ್ ಹೊಳೆದದ್ದು ಯಾರಿಗೆ ಅಂತ ಗೊತ್ತಾ? ರೋಜರ್ ಆಲ್ಟೂನಿಯನ್ ಅಂತ ಇಂಗ್ಲೆಂಡಿನ ಒಬ್ಬ ಡಾಕ್ಟರ್. ಅವರಿಗೇ ಆಸ್ತಮಾ ಇತ್ತು. ಎರಡನೇ ಮಹಾಯುದ್ಧದಲ್ಲಿ ವಿಮಾನ ಹಾರಿಸುತ್ತಿದ್ದವರು. 1960ರ ದಶಕದಲ್ಲಿ ಔಷಧಿಗಳನ್ನು ತಮ್ಮ ಮೇಲೇ ಪ್ರಯೋಗ ಮಾಡಿಕೊಳ್ಳುತ್ತಿದ್ದರು. ಪುಡಿಯನ್ನು ಎದೆಗೆ ಇಳಿಸೋದು ಹೇಗೆ ಅಂದಾಗ ಅವರಿಗೆ ನೆನಪಾದದ್ದು ವಿಮಾನದ ಫ್ಯಾನು. ಒಂದು ಪುಟ್ಟ ಫ್ಯಾನಿಗೆ ಕ್ಯಾಪ್ಸೂಲ್ ಸಿಕ್ಕಿಸಿದರು. ಉಸಿರು ಎಳೆದರೆ ಫ್ಯಾನು ಗಿರಗಿರ ತಿರುಗಿ ಪುಡಿ ಹೊರಗೆ. ಸ್ಪಿನ್‌ಹೇಲರ್ ಅಂತ ಹೆಸರು. ಪೈಲಟ್‌ಗೆ ಇಂಜಿನ್ ಇಲ್ಲದ ಫ್ಯಾನ್ ಹೊಳೆದದ್ದು ನನಗೆ ಬಹಳ ಇಷ್ಟ.

ಸರಿ, ಈಗ ಮಿಷಿನ್ ಕೈಗೆ ತೆಗೆದುಕೊಳ್ಳಿ. ತಂದವರು ಎಷ್ಟು ಜನ? ಹನ್ನೊಂದು. ಪರವಾಗಿಲ್ಲ.

ರೋಟಾಹೇಲರ್, ಅಂದರೆ ರೋಟಾಕ್ಯಾಪ್ ಹಾಕುವ ಮಿಷಿನ್, ಇರುವವರು ನೆಟ್ಟಗೆ ಹಿಡಿಯಿರಿ. ಮೇಲೆ ಒಂದು ಚೌಕದ ತೂತು ಇದೆ. ಕ್ಯಾಪ್ಸೂಲಿನ ಬಣ್ಣ ಇಲ್ಲದ ಕಡೆ, ಒಳಗೆ ಪುಡಿ ಕಾಣುತ್ತದಲ್ಲ ಆ ಕಡೆ, ಕೆಳಗೆ ಬರುವ ಹಾಗೆ ಒತ್ತಿ. ಕ್ಯಾಪ್ಸೂಲಿನ ತಲೆ ತೂತಿನ ಮಟ್ಟಕ್ಕೆ ಬರಬೇಕು. ಕೈ ಒದ್ದೆ ಇರಬಾರದು. ಈಗ ಬುಡವನ್ನು ಎಷ್ಟು ತಿರುಗುತ್ತದೋ ಅಷ್ಟೂ ತಿರುಗಿಸಿ. ಒಳಗೆ ಕ್ಯಾಪ್ಸೂಲ್ ಎರಡು ಹೋಳಾಗುತ್ತದೆ. ಈ ಕ್ಷಣದಿಂದ ಮಿಷಿನ್ ತುಂಬಿದ ಚಮಚ ಇದ್ದ ಹಾಗೆ. ಬಗ್ಗಿಸಬೇಡಿ, ಇಣುಕಬೇಡಿ, ಅಲ್ಲಾಡಿಸಬೇಡಿ. ಫೋನ್ ಬಂದರೆ ಬರಲಿ.

ನೆಟ್ಟಗೆ ಕೂತುಕೊಳ್ಳಿ, ಇಲ್ಲಾ ನಿಂತುಕೊಳ್ಳಿ. ಮಿಷಿನ್ ಬಾಯಿಂದ ದೂರ ಇಟ್ಟು ಉಸಿರು ಹೊರಗೆ ಬಿಡಿ. ಆರಾಮಾಗಿ ಎಷ್ಟು ಹೋಗುತ್ತದೋ ಅಷ್ಟೂ ಬಿಡಿ. ನೂರಕ್ಕೆ 46 ಜನ ತಪ್ಪುವ ಜಾಗ ಇದೇ. ಅರ್ಧ ತುಂಬಿದ ಬಿಂದಿಗೆಗೆ ಅರ್ಧವೇ ನೀರು ಹಿಡಿಯುವುದು. ಮಿಷಿನ್ ಒಳಗೆ ಮಾತ್ರ ಊದಬೇಡಿ. ನಿಮ್ಮ ಉಸಿರಿನ ತೇವಕ್ಕೆ ಪುಡಿ ಗಂಟಾಗುತ್ತದೆ, ಅರ್ಧ ಪುಡಿ ಹಾರಿಯೂ ಹೋಗುತ್ತದೆ.

ಈಗ ಬಾಯಿಗೆ ಇಡಿ. ಹಲ್ಲಿನ ಮಧ್ಯೆ, ತುಟಿ ಬಿಗಿಯಾಗಿ ಸುತ್ತ. ನಾಲಿಗೆ ಅಡ್ಡ ಬರಬಾರದು. ಬೆರಳಿನಿಂದ ಗಾಳಿಯ ತೂತು ಮುಚ್ಚಬಾರದು. ತಲೆ ಒಂಚೂರು ಹಿಂದಕ್ಕೆ. ಎಳೆಯಿರಿ! ಮೊದಲ ಕ್ಷಣದಿಂದಲೇ ಜೋರಾಗಿ. ನಿಧಾನವಾಗಿ ಶುರು ಮಾಡಿ ಆಮೇಲೆ ಜೋರು ಮಾಡಿದರೆ ಪ್ರಯೋಜನ ಕಡಿಮೆ, ಪುಡಿ ಮೊದಲೇ ಹೊರಟುಬಿಟ್ಟಿರುತ್ತದೆ. ಇನ್ನೊಂದು. ಎಳನೀರಿಗೆ ಸ್ಟ್ರಾ ಹಾಕಿ ಕುಡಿಯುವಾಗ ಕೆನ್ನೆ ಒಳಗೆ ಹೋಗುತ್ತದೆ ನೋಡಿ, ಹಾಗೆ ಎಳೆಯಬಾರದು. ಅದು ಬಾಯಿಂದ ಎಳೆಯುವುದು. ನಮಗೆ ಬೇಕಾದದ್ದು ಎದೆಯಿಂದ ಎಳೆಯುವುದು. ಎದೆಯ ಮೇಲೆ ಇನ್ನೊಂದು ಕೈ ಇಟ್ಟುಕೊಳ್ಳಿ, ಅದು ಮೇಲೆ ಏಳಬೇಕು.

ಎಳೆದಾಯಿತು. ಮಿಷಿನ್ ತೆಗೆಯಿರಿ, ಬಾಯಿ ಮುಚ್ಚಿ, ಹತ್ತು ಎಣಿಸಿ. ಹತ್ತು ಆಗಲ್ಲ ಅನ್ನುವವರು ಆದಷ್ಟು ಎಣಿಸಿ. ಈ ಹೊತ್ತಿನಲ್ಲೇ ಪುಡಿ ಒಳಗೆ ಕೂರುವುದು. ಆಮೇಲೆ ಮೆಲ್ಲಗೆ ಉಸಿರು ಬಿಡಿ. ಮಿಷಿನ್ ಬಿಚ್ಚಿ ನೋಡಿ, ಪುಡಿ ಉಳಿದಿದ್ದರೆ ಇನ್ನೊಂದು ಸಲ ಎಳೆಯಿರಿ. ಅದು ಎರಡನೇ ಡೋಸ್ ಅಲ್ಲ, ಅದೇ ಡೋಸಿನ ಉಳಿಕೆ. ಖಾಲಿ ಹೋಳುಗಳನ್ನು ಬಿಸಾಡಿ.

ಆ ಕ್ಯಾಪ್ಸೂಲನ್ನು ನುಂಗುವವರು ಇದ್ದಾರೆ. ನಗಬೇಡಿ. ನಮ್ಮ ಅಂಗಡಿಗೆ ಬರುವ ಒಬ್ಬ ಹಿರಿಯರು ಒಂದು ತಿಂಗಳು ನೀರಿನ ಜೊತೆ ನುಂಗಿದ್ದರು. "ಏನೂ ಗುಣ ಕಾಣ್ಲಿಲ್ಲಮ್ಮ" ಅಂತ ಬಂದರು. ಮಿಷಿನ್ ಪ್ಯಾಕೆಟ್ಟೇ ಬಿಚ್ಚಿರಲಿಲ್ಲ. ಕ್ಯಾಪ್ಸೂಲ್ ಅಂದರೆ ಐವತ್ತು ವರ್ಷದಿಂದ ನುಂಗುವುದೇ ಅಲ್ವಾ ಅವರಿಗೆ? ಅಮೆರಿಕದಲ್ಲೂ ಇದು ನಡೆದು, ಔಷಧಿಗಳ ಮೇಲೆ ಕಣ್ಣಿಡುವ ಅಲ್ಲಿನ ಸರ್ಕಾರಿ ಸಂಸ್ಥೆ ಎಫ್‌ಡಿಎ 2008ರಲ್ಲಿ ಹೀಗೆ ನುಂಗಬೇಡಿ ಅಂತ ಎಚ್ಚರಿಕೆ ಹೊರಡಿಸಬೇಕಾಯಿತು. ಈಗ ನಾನು ಬಾಟಲಿ ಮೇಲೆ ದಪ್ಪ ಪೆನ್ನಿನಲ್ಲಿ "ನುಂಗಬೇಡಿ, ಎಳೆಯಿರಿ" ಅಂತ ಬರೆದು ಕೊಡುತ್ತೇನೆ. ಸಲಹೆ ನನ್ನ ಮಗಳದು.

ಬೇರೆ ಮಿಷಿನ್ ಇರುವವರಿಗೆ ಎರಡು ಮಾತು. ಅಕ್ಯುಹೇಲರ್‌ನಲ್ಲಿ ಕ್ಯಾಪ್ಸೂಲ್ ಇಲ್ಲ, ಒಳಗೆ ಡೋಸ್ ಸಾಲಾಗಿ ಇರುತ್ತದೆ. ಅದರ ಪುಟ್ಟ ಲಿವರ್ ಜಾರಿಸಿದಾಗ ಒಂದು ಡೋಸ್ ತೆರೆದುಕೊಳ್ಳುತ್ತದೆ. ಸುಮ್ನೆ ಆಟಕ್ಕೆ ಜಾರಿಸಿದರೂ ಒಂದು ಹೋಯಿತು ಅಂತಲೇ ಲೆಕ್ಕ. ಮೊಮ್ಮಕ್ಕಳ ಕೈಗೆ ಸಿಗದ ಹಾಗೆ ಇಡಿ. ಕೊನೆಯ ಐದು ಡೋಸ್ ಬಂದಾಗ ಅಂಕಿ ಕೆಂಪಾಗುತ್ತದೆ, ಆಗ ಹೊಸದು ತನ್ನಿ. ಟರ್ಬುಹೇಲರ್ ಇದ್ದರೆ ನೆಟ್ಟಗೆ ಹಿಡಿದೇ ತಿರುಗಿಸಬೇಕು. ಅದನ್ನು ಅಲ್ಲಾಡಿಸಿದರೆ ಸರಸರ ಸದ್ದು ಬರುತ್ತದೆ. ಔಷಧಿ ಇನ್ನೂ ಇದೆ ಅಂದುಕೊಳ್ಳಬೇಡಿ. ಆ ಸದ್ದು ತೇವ ಹೀರುವ ಪದಾರ್ಥದ್ದು. ಖಾಲಿ ಆದ ಮೇಲೂ ಬರುತ್ತಲೇ ಇರುತ್ತದೆ.

ತೇವದ ಮಾತು ಬಂತು. ಆಷಾಢದಲ್ಲಿ ನಮ್ಮ ಅಡುಗೆಮನೆ ಉಪ್ಪಿನ ಡಬ್ಬಿ ಏನಾಗುತ್ತದೆ? ಗಂಟು ಕಟ್ಟುತ್ತದೆ. ಈ ಪುಡಿಯೂ ಹಾಗೇ. ಬಚ್ಚಲುಮನೆ ಕಪಾಟಿನಲ್ಲಿ ಇಡಬೇಡಿ, ಕುಕ್ಕರ್ ಕೂಗುವ ಒಲೆ ಪಕ್ಕ ಇಡಬೇಡಿ. ಫ್ರಿಜ್‌ನಲ್ಲೂ ಬೇಡ, ಹೊರಗೆ ತೆಗೆದಾಗ ಬೆವರುತ್ತದೆ. ಕ್ಯಾಪ್ಸೂಲುಗಳನ್ನು ಅದರದೇ ಬಾಟಲಿಯಲ್ಲಿ ಮುಚ್ಚಳ ಬಿಗಿ ಮಾಡಿ ಇಡಿ. ಸೋಮವಾರ ಮಂಗಳವಾರ ಅಂತ ಬರೆದ ಮಾತ್ರೆ ಡಬ್ಬಿಗೆ ಇವುಗಳನ್ನು ಹಾಕುವ ಅಚ್ಚುಕಟ್ಟು ಮಂದಿ ಇದ್ದಾರೆ. ಅಚ್ಚುಕಟ್ಟು ಒಳ್ಳೆಯದೇ, ಆದರೆ ಇದಕ್ಕೆ ಆಗಿಬರುವುದಿಲ್ಲ. ರೋಟಾಹೇಲರ್ ವಾರಕ್ಕೊಮ್ಮೆ ಬಿಚ್ಚಿ ತೊಳೆಯಿರಿ. ಒಂದು ಹೊತ್ತು ಪೂರ್ತಿ ಗಾಳಿಗೆ ಒಣಗಲಿ. ಎರಡು ಮಿಷಿನ್ ಇಟ್ಟುಕೊಂಡರೆ ಅನುಕೂಲ. ಅಕ್ಯುಹೇಲರ್, ಟರ್ಬುಹೇಲರ್ ಮಾತ್ರ ತೊಳೆಯಲೇಬಾರದು, ಒಣ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಸ್ಟೀರಾಯ್ಡ್, ಅಂದರೆ ಉಸಿರಿನ ಕೊಳವೆಯ ಊತ ಇಳಿಸುವ ಔಷಧಿ, ಇರುವ ಪುಡಿ ಆದರೆ ಆಮೇಲೆ ಬಾಯಿ ಮುಕ್ಕಳಿಸಿ, ಗಂಟಲೂ ಗಳಗಳ ಮಾಡಿ, ಉಗಿಯಿರಿ. ಮುಕ್ಕಳಿಸದಿದ್ದರೆ ನಾಲಿಗೆ ಮೇಲೆ ಬಿಳಿ ಬೂಸ್ಟು ಕಟ್ಟಬಹುದು, ದನಿ ಒಡೆಯಬಹುದು. ಹಲ್ಲುಜ್ಜುವ ಮುಂಚೆ ಇನ್‌ಹೇಲರ್ ತೆಗೆದುಕೊಂಡರೆ ಮರೆಯುವ ಪ್ರಶ್ನೆಯೇ ಇಲ್ಲ.

ಸ್ಟೀರಾಯ್ಡ್ ಅಂದ ಕೂಡಲೇ ಮುಖ ಸಪ್ಪೆ ಆಯಿತು ಕೆಲವರದು. ಕೌಂಟರ್‌ನಲ್ಲಿ ದಿನಾ ಕೇಳುತ್ತೇನೆ. "ಇನ್‌ಹೇಲರ್ ಹಿಡಿದ್ರೆ ಬಿಡೋಕಾಗಲ್ಲಂತೆ, ಮಾತ್ರೆನೇ ಕೊಡಿ." ಒಂದು ಲೆಕ್ಕ ಹೇಳುತ್ತೇನೆ. ಉಬ್ಬಸ ಇಳಿಸುವ ಸಾಲ್ಬುಟಮಾಲ್ ಅನ್ನುವ ಔಷಧಿಯ ಮಾತ್ರೆ 4 ಮಿಲಿಗ್ರಾಂದು ಸಿಗುತ್ತದೆ, ಅಂದರೆ 4000 ಮೈಕ್ರೋಗ್ರಾಂ. ಅದೇ ಔಷಧಿಯ ರೋಟಾಕ್ಯಾಪ್ 200 ಮೈಕ್ರೋಗ್ರಾಂ. ಮಾತ್ರೆ ನುಂಗಿದರೆ ಇಪ್ಪತ್ತು ಪಟ್ಟು ಔಷಧಿ ಊರೆಲ್ಲ ಸುತ್ತಿಕೊಂಡು ಎದೆಗೆ ಬರುತ್ತದೆ. ದಾರಿಯಲ್ಲಿ ಕೈ ನಡುಗಿಸಿ, ಎದೆ ಡವಡವ ಮಾಡಿಸಿ ಬರುತ್ತದೆ. ಉಬ್ಬಸ ಇರುವುದು ಎದೆಯಲ್ಲಿ, ಔಷಧಿಯನ್ನು ಅಲ್ಲಿಗೇ ಹಾಕುವುದು ಲೇಸಲ್ವಾ?

ಬೆಂಗಳೂರಿಗೂ ಉಬ್ಬಸಕ್ಕೂ ನಂಟು ಹಳೆಯದು. ಇಲ್ಲಿನ ಮಕ್ಕಳ ಡಾಕ್ಟರ್ ಎಚ್. ಪರಮೇಶ್ ಅವರು ಆಸ್ಪತ್ರೆಗೆ ಬಂದ ಮಕ್ಕಳ ಲೆಕ್ಕ ಇಟ್ಟಿದ್ದರು. 1979ರಲ್ಲಿ ನೂರಕ್ಕೆ 9 ಮಕ್ಕಳಿಗೆ ಆಸ್ತಮಾ. 1999ಕ್ಕೆ ಅದು 29.5. ಆ ಹೊತ್ತಿಗೆ ಸಿಲ್ಕ್ ಬೋರ್ಡ್ ಫ್ಲೈಓವರ್ ಕೂಡ ಇರಲಿಲ್ಲ. ಇವತ್ತು ಖಾಲಿ ಸೈಟಿನಲ್ಲೆಲ್ಲ ಕಾಂಗ್ರೆಸ್ ಗಿಡ, ಪಕ್ಕದ ಸೈಟಿನಲ್ಲಿ ಕಟ್ಟಡದ ಧೂಳು, ದೀಪಾವಳಿಗೆ ಮೂರು ದಿನ ಹೊಗೆ. ಹಬ್ಬದ ಮಾರನೇ ದಿನ ನಮ್ಮ ಅಂಗಡಿ ಮುಂದೆ ಸಾಲು ನಿಲ್ಲುತ್ತದೆ. ಆ ಸಾಲಿನಲ್ಲಿ ಎಷ್ಟೋ ಜನ ಆಸ್ತಮಾ ಹೋಯಿತು ಅಂತ ದಿನದ ಔಷಧಿ ತಾವೇ ನಿಲ್ಲಿಸಿದವರು. ಸ್ಟೀರಾಯ್ಡ್ ಪುಡಿ ಕೆಲಸ ಮಾಡಲು ದಿನಗಳು, ವಾರಗಳು ಬೇಕು. ತೊಂದರೆ ಬಂದಾಗ ಎಳೆದು, ಹೋದಾಗ ಬಿಡುವುದಲ್ಲ ಅದು. ಬದಲಾವಣೆ ಏನಿದ್ದರೂ ಡಾಕ್ಟರ್ ಹತ್ತಿರ ಕೇಳಿಯೇ ಮಾಡಿ.

ಪುಡಿ ಇನ್‌ಹೇಲರ್ ಎಲ್ಲರಿಗೂ ಅಲ್ಲ ಅನ್ನುವುದನ್ನೂ ಹೇಳಬೇಕು. ನಿಮಿಷಕ್ಕೆ 30ರಿಂದ 60 ಲೀಟರ್ ಗಾಳಿಯ ವೇಗದಲ್ಲಿ ಎಳೆಯಬೇಕಾಗುತ್ತದೆ, ಮಿಷಿನ್ ನೋಡಿಕೊಂಡು. ಐದು ವರ್ಷದೊಳಗಿನ ಮಕ್ಕಳಿಗೆ ಅದು ಆಗುವುದಿಲ್ಲ, ಅವರಿಗೆ ಪಂಪ್ ಮತ್ತು ಅದರ ಬಾಯಿಗೆ ಸಿಕ್ಕಿಸುವ ಸ್ಪೇಸರ್ ಅನ್ನುವ ಕೊಳವೆ. ತೀರ ಸೋತ ಹಿರಿಯರಿಗೂ ಅಷ್ಟೇ. ಜೋರು ವೀಸಿಂಗ್ ಬಂದು ಉಸಿರೇ ಎಳೆಯಲಾಗದಿದ್ದಾಗ ಪುಡಿಯನ್ನು ನಂಬಿ ಕೂರಬೇಡಿ. ಒಂದು ವಾಕ್ಯ ಪೂರ್ತಿ ಆಡಲಾಗುತ್ತಿಲ್ಲ, ತುಟಿ ನೀಲಿ ಆಗುತ್ತಿದೆ ಅಂದರೆ ತಡಮಾಡದೆ 108ಕ್ಕೆ ಫೋನ್ ಮಾಡಿ.

ಪ್ರಶ್ನೆಗಳು ಬಂದವು. ಒಬ್ಬರು ಕೇಳಿದರು, "ನನಗೆ ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುತ್ತೆ, ಈ ಹಾಲಿನ ಸಕ್ಕರೆ ತಗೋಬಹುದಾ?" ಹಾಲು ಜೀರ್ಣ ಆಗದವರಿಗೆ ಇಷ್ಟು ಚೂರು ಏನೂ ಮಾಡದು. ಹಾಲಿನ ಪ್ರೋಟೀನಿಗೆ ಜೋರು ಅಲರ್ಜಿ ಇರುವವರು ಮಾತ್ರ ಡಾಕ್ಟರಿಗೆ ಮೊದಲೇ ಹೇಳಬೇಕು. ಇನ್ನೊಬ್ಬರಿಗೆ ಎಳೆದ ಕೂಡಲೇ ಕೆಮ್ಮು. ಗಂಟಲಿಗೆ ತಗುಲಿದ ಸಕ್ಕರೆಯಿಂದ ಕೆಲವರಿಗೆ ಒಂದೆರಡು ಕೆಮ್ಮು ಬರುತ್ತದೆ. ಅದಲ್ಲದೆ ಎಳೆದ ಕೂಡಲೇ ಉಬ್ಬಸವೇ ಜಾಸ್ತಿ ಆದರೆ ನಿಲ್ಲಿಸಿ, ಡಾಕ್ಟರಿಗೆ ಹೇಳಿ.

ಕೊನೆಗೆ ಹಿಂದಿನ ಸಾಲಿನಿಂದ ಒಬ್ಬರು ಎದ್ದರು. ಕ್ಯಾಪ್ಸೂಲಿಗೆ ಸೂಜಿ ಚುಚ್ಚುವ ಬಗೆಯ ಮಿಷಿನ್ ಅವರದು. ಇಂಥದರಲ್ಲಿ ಎಳೆದಾಗ ಕ್ಯಾಪ್ಸೂಲ್ ಒಳಗೇ ಗಿರ್ರ್ ಅಂತ ತಿರುಗಬೇಕು. "ನನ್ನದು ಎರಡು ವರ್ಷದಿಂದ ಸದ್ದೇ ಮಾಡಿಲ್ಲ, ಮಿಷಿನ್ ಕೆಟ್ಟಿದೆ ಅನ್ಸುತ್ತೆ" ಅಂದರು. ಬೆಳಗಿನ ಡೋಸ್ ಇನ್ನೂ ಆಗಿರಲಿಲ್ಲ. ಇಲ್ಲೇ ತೆಗೆದುಕೊಳ್ಳಿ ಅಂದೆ. ನಿಧಾನವಾಗಿ, ಬಿಸಿ ಕಾಫಿ ಹೀರಿದ ಹಾಗೆ ಎಳೆದರು. ಸದ್ದಿಲ್ಲ. ಬಿಚ್ಚಿ ನೋಡಿದರೆ ಪುಡಿ ಅಷ್ಟೂ ಹಾಗೇ ಇತ್ತು. ಅದೇ ಕ್ಯಾಪ್ಸೂಲು, ಇನ್ನೊಂದು ಸಲ ಅಂದೆ. ಉಸಿರು ಪೂರ್ತಿ ಹೊರಗೆ ಬಿಡಿಸಿದೆ. ಕನ್ನಡಕ ತೆಗೆದು ಪಕ್ಕಕ್ಕಿಟ್ಟು, ನೆಟ್ಟಗೆ ನಿಂತು ಎಳೆದರು. ಗಿರ್ರ್ ಅಂದದ್ದು ಬಾಗಿಲ ಹತ್ತಿರ ನಿಂತವರಿಗೂ ಕೇಳಿಸಿತು. ಅವರ ಹೆಂಡತಿ ಹತ್ತರವರೆಗೆ ಗಟ್ಟಿಯಾಗಿ ಎಣಿಸಿದರು.